ಅಪರಾಧಿಗೆ ಆಶ್ರಯ: ಮಗನ ಬೆನ್ನಿಗೆ ನಿಲ್ಲುವುದು ಎಲ್ಲಿಯವರೆಗೆ?

‘ಕೊಲೆ ಆರೋಪಿಗೆ ಆಶ್ರಯ ನೀಡಿದ ತಾಯಿಯ ಬಂಧನ’ ಎಂಬಂಥ ಸುದ್ದಿ ಓದಿದಾಗ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಹೆತ್ತವಳು ಮಗನಿಗೆ ಊಟ ಹಾಕಿದ್ದೂ ಅಪರಾಧವೇ? ಬರೀ ಊಟ ಹಾಕಿದ್ದು ಅಪರಾಧವಲ್ಲ. ಆದರೆ ಅದೇ ಊಟ ಕೆಲವು ಸಂದರ್ಭಗಳಲ್ಲಿ ಅಪರಾಧವಾಗುತ್ತದೆ.

ಹಳೆಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 2(13)ನೇ ಕಲಂ ‘ಆಶ್ರಯ’ಕ್ಕೆ ಬಹಳ ಅಗಲವಾದ ಅರ್ಥ ಕೊಡುತ್ತದೆ. ಸೂರು, ಅನ್ನ, ನೀರು, ಹಣ, ಬಟ್ಟೆ, ಆಯುಧ, ಮದ್ದುಗುಂಡು, ಓಡಾಡಲು ವಾಹನ, ಎಲ್ಲವೂ ಅದರಲ್ಲಿ ಸೇರಿವೆ. ಇಷ್ಟು ಸಾಲದೆಂಬಂತೆ, ಬಂಧನ ತಪ್ಪಿಸಿಕೊಳ್ಳಲು ಯಾವುದೇ ರೀತಿಯಲ್ಲಿ ಮಾಡಿದ ಸಹಾಯವನ್ನೂ ಸೇರಿಸಲಾಗಿದೆ. ತನ್ನ ಹೆಸರಿನ ಸಿಮ್ ಕೊಡುವುದು, ಖಾತೆಗೆ ದುಡ್ಡು ಹಾಕುವುದು, ‘ನಾಲ್ಕು ದಿನ ಚಿಕ್ಕಪ್ಪನ ಮನೆಯಲ್ಲಿರು’ ಎಂದು ಬಸ್ ಹತ್ತಿಸುವುದು, ಇವೆಲ್ಲ ಈ ಅರ್ಥದೊಳಗೆ ಬರಬಹುದು.

ಹಾಗೆಂದು ಸಹಾಯವೊಂದೇ ಅಪರಾಧವನ್ನು ಪೂರ್ತಿಗೊಳಿಸುವುದಿಲ್ಲ. 249ನೇ ಕಲಂ ಅನ್ವಯಿಸಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ನಿಜಕ್ಕೂ ಒಂದು ಅಪರಾಧ ನಡೆದಿರಬೇಕು. ಇವನೇ ಮಾಡಿದವನು ಎಂದು ಆಶ್ರಯ ಕೊಟ್ಟವರಿಗೆ ಗೊತ್ತಿರಬೇಕು, ಇಲ್ಲವೇ ಹಾಗೆ ನಂಬಲು ಕಾರಣವಿರಬೇಕು. ಶಿಕ್ಷೆಯಿಂದ ಪಾರು ಮಾಡುವ ಉದ್ದೇಶ ಇರಬೇಕು. ವಿಷಯ ತಿಳಿಯದೆ ತಮ್ಮನನ್ನು ಮನೆಯಲ್ಲಿಟ್ಟುಕೊಂಡ ಅಕ್ಕ ಈ ಕಲಮಿಗೆ ಸಿಗುವುದಿಲ್ಲ. ಎಲ್ಲ ತಿಳಿದೂ ಮನೆಗೆ ಬಂದ ಮಗನಿಗೆ ಬಡಿಸಿ, ಪೊಲೀಸರು ಬಂದಾಗ ‘ಒಳಗಿದ್ದಾನೆ’ ಎಂದ ತಾಯಿಯೂ ಸಿಗುವುದಿಲ್ಲ. ಅದೇ ತಾಯಿ ‘ಮೂರು ದಿನದಿಂದ ಮನೆಗೇ ಬಂದಿಲ್ಲ’ ಎಂದರೆ ಉದ್ದೇಶ ಬಯಲಾಯಿತು. ನ್ಯಾಯಾಲಯ ಮನಸ್ಸಿನೊಳಗೆ ಇಣುಕಿ ನೋಡಲಾರದು. ಕರೆಗಳ ದಾಖಲೆ, ಹಣದ ವರ್ಗಾವಣೆ, ಸಿಸಿಟಿವಿ, ತನಿಖಾಧಿಕಾರಿಗೆ ಹೇಳಿದ ಸುಳ್ಳು, ಇವುಗಳಿಂದಲೇ ಉದ್ದೇಶವನ್ನು ಅಳೆಯುತ್ತದೆ.

ಶಿಕ್ಷೆ ಎಷ್ಟೆಂಬುದು ಮೂಲ ಅಪರಾಧ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಿಂತಿದೆ. ಮೂಲ ಅಪರಾಧಕ್ಕೆ ಮರಣದಂಡನೆ ಸಾಧ್ಯವಿದ್ದರೆ (ಕೊಲೆ ಈ ಸಾಲಿನದು) ಆಶ್ರಯ ಕೊಟ್ಟವರಿಗೆ 5 ವರ್ಷದವರೆಗೆ ಸೆರೆ ಮತ್ತು ದಂಡ. ಜೀವಾವಧಿ ಅಥವಾ 10 ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ 3 ವರ್ಷದವರೆಗೆ ಸೆರೆ ಮತ್ತು ದಂಡ. ಅದಕ್ಕಿಂತ ಕಡಿಮೆಯದಾದರೆ ಮೂಲ ಶಿಕ್ಷೆಯ ಗರಿಷ್ಠ ಅವಧಿಯ ನಾಲ್ಕನೇ ಒಂದು ಭಾಗದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. 7 ವರ್ಷದ ಅಪರಾಧಕ್ಕೆ ಇದು 21 ತಿಂಗಳು. ಆರೋಪಿ ಕಸ್ಟಡಿಯಿಂದ ತಪ್ಪಿಸಿಕೊಂಡಿದ್ದರೆ ಅಥವಾ ಅವನ ಬಂಧನಕ್ಕೆ ಆದೇಶವಾಗಿದ್ದು ಅದು ನಿಮಗೆ ತಿಳಿದಿದ್ದರೆ 253ನೇ ಕಲಂ ಬರುತ್ತದೆ. ಅಲ್ಲಿ ಮೊದಲ ವರ್ಗದ ಶಿಕ್ಷೆ 7 ವರ್ಷಕ್ಕೆ ಏರುತ್ತದೆ. ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯ 212 ಮತ್ತು 216ನೇ ಕಲಂಗಳೇ ಅನ್ವಯ.

ಇನ್ನು ಮನೆಮಂದಿಯನ್ನು ನಿಜವಾಗಿ ಸುಡುವ ಭಾಗ. 249 ಮತ್ತು 253, ಈ ಎರಡೂ ಕಲಂಗಳಲ್ಲಿ ಒಂದು ವಿನಾಯಿತಿ ಇದೆ: ಆಶ್ರಯ ಕೊಟ್ಟವರು ಅಪರಾಧಿಯ ಗಂಡ ಅಥವಾ ಹೆಂಡತಿಯಾಗಿದ್ದರೆ ಅದು ಅಪರಾಧವಲ್ಲ. ವಿನಾಯಿತಿ ಅಲ್ಲಿಗೇ ಮುಗಿಯಿತು. ತಾಯಿ, ತಂದೆ, ಮಗಳು, ಅಣ್ಣ, ತಂಗಿ, ಅಜ್ಜಿ ಯಾರಿಗೂ ಅದು ಇಲ್ಲ. 1860ರ ಸಂಹಿತೆಯಲ್ಲಿದ್ದ ಈ ಗೆರೆ ಹೊಸ ಸಂಹಿತೆಯಲ್ಲೂ ಹಾಗೇ ಉಳಿದಿದೆ. ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಜರ್ಮನಿಯ ದಂಡ ಸಂಹಿತೆಯ 258ನೇ ವಿಧಿ ಹತ್ತಿರದ ಬಂಧುವಿಗಾಗಿ ಹೀಗೆ ಮಾಡಿದವರನ್ನು ಶಿಕ್ಷಿಸುವುದಿಲ್ಲ. ದಕ್ಷಿಣ ಕೊರಿಯಾದಲ್ಲೂ ಬಂಧುಗಳಿಗೆ ಶಿಕ್ಷೆಯಿಲ್ಲ. ಜಪಾನಿನಲ್ಲಿ ಶಿಕ್ಷೆಯನ್ನು ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಹೆತ್ತವರನ್ನು ಪೂರ್ತಿಯಾಗಿ ಹೊರಗಿಟ್ಟಿರುವ ನಮ್ಮ ಗೆರೆ ನಿರ್ದಯವಾದದ್ದು ಎಂದೇ ಹೇಳಬೇಕು. ಹಾಗಂತ ಬಂಧುಗಳಿಗೆಲ್ಲ ಬಾಗಿಲು ತೆರೆದರೂ ಅಪಾಯವಿದೆ. ಸೊಸೆಯ ಸಾವನ್ನು ಮನೆಯವರೆಲ್ಲ ಸೇರಿ ಮುಚ್ಚಿಹಾಕುವ ಪ್ರಕರಣಗಳಲ್ಲಿ ಅದೇ ವಿನಾಯಿತಿ ಸತ್ತವಳ ವಿರುದ್ಧ ನಿಲ್ಲುತ್ತದೆ.

ಗಂಡ-ಹೆಂಡತಿಯೂ ಈ ವಿನಾಯಿತಿಯನ್ನು ಅತಿಯಾಗಿ ನಂಬಬಾರದು. ಅದು ಆಶ್ರಯಕ್ಕೆ ಮಾತ್ರ. ಸಾಕ್ಷ್ಯ ನಾಶದ 238ನೇ ಕಲಮಿನಲ್ಲಿ (ಹಳೆಯ 201) ಅಂಥ ರಿಯಾಯಿತಿ ಯಾರಿಗೂ ಇಲ್ಲ. ಗಂಡನನ್ನು ಮನೆಯಲ್ಲಿ ಅಡಗಿಸಿಟ್ಟ ಹೆಂಡತಿ ಪಾರಾಗುತ್ತಾಳೆ; ಅವನನ್ನು ಶಿಕ್ಷೆಯಿಂದ ಪಾರು ಮಾಡುವ ಉದ್ದೇಶದಿಂದ ಅವನ ರಕ್ತ ಮೆತ್ತಿದ ಅಂಗಿಯನ್ನು ಒಗೆದರೆ ಪಾರಾಗುವುದಿಲ್ಲ. ಕೊಲೆ ಪ್ರಕರಣವಾದರೆ ಇಲ್ಲಿ 7 ವರ್ಷದವರೆಗೆ ಶಿಕ್ಷೆ. ಗಾಬರಿಯಲ್ಲಿ ಮನೆಯವರು ಮಾಡುವ ಅತಿ ದೊಡ್ಡ ತಪ್ಪು ಇದೇ: ನೆಲ ಒರೆಸುವುದು, ಬಟ್ಟೆ ಸುಡುವುದು, ಮೊಬೈಲಿನ ಸಂದೇಶ ಅಳಿಸುವುದು. ‘ಆ ರಾತ್ರಿ ಅವನು ನನ್ನ ಜೊತೆಗೇ ಇದ್ದ’ ಎಂಬ ಸುಳ್ಳು ಮಾಹಿತಿಯೂ ಇದೇ ಕಲಮಿನ ವ್ಯಾಪ್ತಿಗೆ ಬರಬಲ್ಲದು. ಅದನ್ನೇ ಕಟಕಟೆಯಲ್ಲಿ ಪ್ರಮಾಣ ಮಾಡಿ ಹೇಳಿದರೆ ಸುಳ್ಳು ಸಾಕ್ಷ್ಯದ 229ನೇ ಕಲಂ ಅನ್ವಯಿಸುತ್ತದೆ. ಅದಕ್ಕೂ 7 ವರ್ಷದವರೆಗೆ ಶಿಕ್ಷೆ.

ಮಾತಿನ ಗುಟ್ಟಿಗೂ ಇಂಥದೇ ಗೆರೆಯಿದೆ. ದಾಂಪತ್ಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು ಬಾಯಿ ಬಿಡಿಸುವಂತಿಲ್ಲ ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 128ನೇ ಕಲಂ. ಆದರೆ ರಕ್ಷಣೆ ಹೇಳಿದ ಮಾತಿಗೆ ಮಾತ್ರ, ಕಣ್ಣಾರೆ ಕಂಡದ್ದಕ್ಕಲ್ಲ. 1954ರಲ್ಲಿ ರಾಮ್ ಭರೋಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು. ಗಂಡ ಹೆಂಡತಿಯ ಮೇಲೆಯೇ ಅಪರಾಧ ಎಸಗಿದ್ದರೆ ಈ ರಕ್ಷಣೆಯೂ ಇಲ್ಲ. ಮಗ ತಾಯಿಯ ಮಡಿಲಲ್ಲಿ ಅತ್ತು ಹೇಳಿಕೊಂಡದ್ದಕ್ಕಂತೂ ಯಾವ ರಕ್ಷಣೆಯೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಅದು ನ್ಯಾಯಾಲಯದ ಹೊರಗಿನ ತಪ್ಪೊಪ್ಪಿಗೆ. ಆ ತಾಯಿಯನ್ನು ಸಾಕ್ಷಿಯಾಗಿ ಕರೆಯಬಹುದು. ವಿವರವೆಲ್ಲವನ್ನೂ ಹೇಳಿಕೊಳ್ಳಬೇಕಾದ ಜಾಗ ವಕೀಲರ ಕಚೇರಿ. ಅಲ್ಲಿನ ಮಾತಿಗೆ ಅದೇ ಅಧಿನಿಯಮದ 132ನೇ ಕಲಮಿನ ರಕ್ಷಣೆ ಇದೆ, ಮುಂದೆ ಮಾಡಲಿರುವ ಅಪರಾಧಕ್ಕೆ ಸಲಹೆ ಕೇಳದಿದ್ದರೆ.

ಹಾಗಾದರೆ ಸುಮ್ಮನಿರಬಹುದೇ? ಸಾಮಾನ್ಯವಾಗಿ ಸುಮ್ಮನಿರುವುದು ಆಶ್ರಯವಲ್ಲ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆಗಳ ಕ್ರಮ ಹೇಳುವ ಕಾನೂನು) 33ನೇ ಕಲಂ ಕೊಲೆ, ದರೋಡೆಯಂಥ ಕೆಲವು ಅಪರಾಧಗಳ ಬಗ್ಗೆ ತಿಳಿದವರು ಪೊಲೀಸರಿಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎನ್ನುತ್ತದೆ. ತಿಳಿಸದಿರಲು ಸಮಂಜಸ ಕಾರಣವಿದ್ದರೆ ಅದನ್ನು ತೋರಿಸುವ ಹೊರೆ ತಿಳಿದವರ ಮೇಲೆಯೇ. ರಕ್ತಸಂಬಂಧ ಅಂಥ ಕಾರಣವೆಂದು ಆ ಕಲಂ ಹೇಳಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಂತೂ ಮೌನಕ್ಕೆ ಜಾಗವೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿದವರೆಲ್ಲ ವರದಿ ಮಾಡಲೇಬೇಕು. ಮಾಡದಿದ್ದರೆ 21ನೇ ಕಲಮಿನಡಿ 6 ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಮಾವನೋ ದೊಡ್ಡಪ್ಪನೋ ಆರೋಪಿಯಾದಾಗ ‘ಮನೆ ಮರ್ಯಾದೆ’ ಎಂದು ಬಾಯಿ ಮುಚ್ಚಿಸುವ ಹಿರಿಯರು ತಮ್ಮ ನಿಷ್ಠೆಗೆ ಮಗುವನ್ನು ಬೆಲೆಯಾಗಿ ತೆರುತ್ತಿದ್ದಾರೆ. ಇದನ್ನು ಇದಕ್ಕಿಂತ ಮೆತ್ತಗೆ ಹೇಳಲಾಗದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ನಿಷ್ಠೆ ಎಂದರೆ ಬಚ್ಚಿಡುವುದು, ನ್ಯಾಯ ಎಂದರೆ ಕೈಬಿಡುವುದು ಎಂದು ಎರಡೇ ದಾರಿಗಳಿರುವಂತೆ ಮಾತಾಡುವುದು ರೂಢಿ. ಅಣ್ಣನನ್ನು ಬಿಟ್ಟು ಹೋದ ವಿಭೀಷಣ, ತಪ್ಪೆಂದು ತಿಳಿದೂ ಅಣ್ಣನಿಗಾಗಿ ಕಾದಿದ ಕುಂಭಕರ್ಣ, ಇಬ್ಬರೇ ನೆನಪಾಗುತ್ತಾರೆ. ಹಸ್ತಿನಾವತಿಯನ್ನು ಬಿಡದೆ, ಅಣ್ಣನ ಮುಖಕ್ಕೇ ಸತ್ಯ ಹೇಳುತ್ತ ಬಂದ ವಿದುರ ನೆನಪಾಗುವುದು ಕಡಿಮೆ. ಇಂದಿನ ಕಾನೂನಿನಲ್ಲಿ ಆ ಮೂರನೇ ದಾರಿ ಸಾಕಷ್ಟು ಅಗಲವಾಗಿಯೇ ಇದೆ. ವಕೀಲರನ್ನು ಗೊತ್ತುಮಾಡಿ ಶುಲ್ಕ ಕೊಡಬಹುದು. ನಿರೀಕ್ಷಣಾ ಜಾಮೀನಿಗೆ (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಅರ್ಜಿ ಹಾಕಿಸಬಹುದು. ಜೈಲಿಗೆ ಹೋಗಿ ಮಾತಾಡಿಸಬಹುದು. ಜಾಮೀನುದಾರರಾಗಿ ಸಹಿ ಹಾಕಬಹುದು. ಆದರೆ ಅವನು ತಲೆಮರೆಸಿಕೊಂಡರೆ ಮುಚ್ಚಳಿಕೆಯ ಹಣ ನಿಮ್ಮಿಂದಲೇ ವಸೂಲಾಗುತ್ತದೆ ಎಂಬುದು ನೆನಪಿರಲಿ.

ಮೊದಲ ಕೆಲವು ಗಂಟೆಗಳಲ್ಲಿ ಮಾಡಬೇಕಾದದ್ದಕ್ಕೆ ಒಂದು ಕ್ರಮವಿದೆ. ಯಾರಾದರೂ ಗಾಯಗೊಂಡು ಬಿದ್ದಿದ್ದರೆ ಮೊದಲು 112ಕ್ಕೆ ಕರೆ ಮಾಡಿ, ಉಳಿದದ್ದೆಲ್ಲ ಆಮೇಲೆ. ಆಯುಧ, ಬಟ್ಟೆ, ಮೊಬೈಲ್ ಯಾವುದನ್ನೂ ಮುಟ್ಟಬೇಡಿ. ಸಂತ್ರಸ್ತರ ಮನೆಗೆ ರಾಜಿಗೆಂದು ಹೋಗಬೇಡಿ. ಕೊಲೆ ರಾಜಿಯಾಗುವ ಪ್ರಕರಣವಲ್ಲ. ಅಪರಾಧ ಮುಚ್ಚಿಡಲು ಹಣ ನೀಡುವುದೇ ನ್ಯಾಯ ಸಂಹಿತೆಯ 251ನೇ ಕಲಮಿನಡಿ ಪ್ರತ್ಯೇಕ ಅಪರಾಧ. ಆರೋಪಿಯನ್ನು ವಕೀಲರ ಜೊತೆಗೆ ಠಾಣೆಗೆ ಅಥವಾ ನ್ಯಾಯಾಲಯಕ್ಕೆ ಕರೆದೊಯ್ದು ಶರಣಾಗಿಸಿ. ಶರಣಾಗುವುದೂ ತಪ್ಪೊಪ್ಪಿಕೊಳ್ಳುವುದೂ ಒಂದೇ ಅಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಮನೆಯವರನ್ನೂ ಸಾಕ್ಷಿಗಳಾಗಿ ವಿಚಾರಿಸುತ್ತಾರೆ. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು ಮತ್ತು 60 ದಾಟಿದ ಗಂಡಸರನ್ನು ಇದಕ್ಕಾಗಿ ಠಾಣೆಗೆ ಬರಲೇಬೇಕೆನ್ನುವಂತಿಲ್ಲ, ಅವರಿರುವಲ್ಲಿಯೇ ವಿಚಾರಿಸಬೇಕು. ತನಿಖೆಯ ವೇಳೆ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ತನ್ನನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರಿಸದಿರುವ ಹಕ್ಕಿದೆ, ಮಗನನ್ನು ಸಿಕ್ಕಿಸುವ ಪ್ರಶ್ನೆಗೆ ಆ ಹಕ್ಕಿಲ್ಲ.

ವಕೀಲರಿಗೆ ಕೊಡಲು ಕಾಸಿಲ್ಲ ಎಂಬ ಹೆದರಿಕೆಯಿಂದಲೂ ಎಷ್ಟೋ ಮನೆಗಳು ಬಚ್ಚಿಡುವ ದಾರಿ ಹಿಡಿಯುತ್ತವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಲು ಅರ್ಹರು. ಹೆಂಗಸರಿಗೂ ಆದಾಯದ ಮಿತಿಯಿಲ್ಲ, ಹಾಗಾಗಿ ತಾಯಿಯೇ ಹೋಗಿ ಕೇಳಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಸಹಾಯವಾಣಿಯ ಸಂಖ್ಯೆ 15100.