ಕಥೆಯ ಅರ್ಥ ಎಲ್ಲಿರುತ್ತದೆ?

ಓದುಗರ ಪ್ರಶ್ನೆ: ಹೆಸರಾಂತ ಸಣ್ಣಕಥೆಗಳನ್ನು ಓದುತ್ತೇನೆ, ಇಷ್ಟವೂ ಆಗುತ್ತವೆ. ಆದರೆ ‘ಇದರ ಆಶಯವೇನು’ ಎಂದು ಯಾರಾದರೂ ಕೇಳಿದರೆ ‘ದುರಾಸೆ ಪಡಬಾರದು’ ಎಂಬಂಥ ನೀತಿಯ ಆಚೆಗೆ ಏನೂ ಹೊಳೆಯುವುದಿಲ್ಲ. ಅರ್ಥವನ್ನು ಎಲ್ಲಿ ಹುಡುಕಬೇಕು?

ನೀತಿ ಹೊಳೆದದ್ದು ತಪ್ಪೇನಲ್ಲ. ಅಲ್ಲಿಗೇ ನಿಲ್ಲಬೇಡಿ, ಅಷ್ಟೇ. ಆ ನೀತಿಯನ್ನು ಹೇಳುವುದಕ್ಕೆ ಬೇಕೇ ಇರದ ಯಾವ ವಿವರ ಕಥೆಯಲ್ಲಿದೆ ಎಂದು ಮತ್ತೆ ಹುಡುಕಿ. ಸಣ್ಣಕಥೆಯಲ್ಲಿ ಜಾಗ ಕಡಿಮೆ. ಅಷ್ಟು ಇಕ್ಕಟ್ಟಿನಲ್ಲೂ ಕಥೆಗಾರ ಆ ವಿವರವನ್ನು ಉಳಿಸಿಕೊಂಡಿದ್ದಾನೆ ಎಂದರೆ ಅದಕ್ಕೆ ಕೆಲಸವಿದೆ.

ಫ್ರೆಂಚ್ ಕಥೆಗಾರ ಮೊಪಾಸಾ 1884ರಲ್ಲಿ ಪ್ರಕಟಿಸಿದ ‘ನೆಕ್ಲೇಸ್’ ಕಥೆಯನ್ನೇ ನೋಡೋಣ. ಗುಮಾಸ್ತನ ಹೆಂಡತಿ ಮಟಿಲ್ಡ್ ಒಂದು ದೊಡ್ಡ ಸಮಾರಂಭಕ್ಕೆಂದು ಗೆಳತಿಯಿಂದ ವಜ್ರದ ಹಾರವನ್ನು ಎರವಲು ತಂದು, ಅದೇ ರಾತ್ರಿ ಕಳೆದುಕೊಳ್ಳುತ್ತಾಳೆ. ಗಂಡ ಹೆಂಡತಿ ಸಾಲ ಮಾಡಿ 36,000 ಫ್ರಾಂಕಿಗೆ ಅಂಥದೇ ಹಾರ ಕೊಂಡು ಹಿಂತಿರುಗಿಸುತ್ತಾರೆ. ಸಾಲ ತೀರಲು ಹತ್ತು ವರ್ಷ ಬೇಕಾಗುತ್ತದೆ. ಕೊನೆಗೆ ತಿಳಿಯುತ್ತದೆ, ಕಳೆದುಹೋದದ್ದು ನಕಲಿ ಹಾರ. ಹೆಚ್ಚೆಂದರೆ 500 ಫ್ರಾಂಕ್ ಬೆಲೆಯದು.

ಆಡಂಬರಕ್ಕೆ ತಕ್ಕ ಶಾಸ್ತಿ ಎಂದು ಪುಸ್ತಕ ಮುಚ್ಚಿಬಿಡಬಹುದು. ಆದರೆ ಆ ಮಾತಿನೊಳಗೆ ಹಿಡಿಸದ ವಿವರಗಳು ಎಷ್ಟೊಂದು! ಹಾರ ಕಳೆದ ಮೇಲೆ ‘ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ’ ಎಂದು ಗೆಳತಿಗೆ ಪತ್ರ ಬರೆಸುವವನು ಗಂಡ. ಈ ಸುಳ್ಳು ಹುಟ್ಟುವುದು ಆಸೆಯಿಂದಲ್ಲ, ಮರ್ಯಾದೆಗೆ ಅಂಜಿ. ಆ ದಿನ ನಿಜ ಹೇಳಿದ್ದರೆ ಹತ್ತು ವರ್ಷಗಳು ಉಳಿಯುತ್ತಿದ್ದವು. ಇನ್ನು ಹೊಸ ಹಾರ ಕೈಗೆ ಬಂದಾಗ ಗೆಳತಿ ತಡವಾಯಿತೆಂದು ಆಕ್ಷೇಪಿಸುತ್ತಾಳೆಯೇ ಹೊರತು ಪೆಟ್ಟಿಗೆಯ ಮುಚ್ಚಳವನ್ನೂ ತೆರೆಯುವುದಿಲ್ಲ.

ನನ್ನನ್ನು ಪ್ರತಿ ಓದಿನಲ್ಲೂ ತಡೆದು ನಿಲ್ಲಿಸುವುದು ಇನ್ನೊಂದು ಸಾಲು. ಹತ್ತು ವರ್ಷ ಪಾತ್ರೆ ತಿಕ್ಕಿ, ನೀರು ಹೊತ್ತು, ಕಾಸಿಗೆ ಕಾಸು ಚೌಕಾಸಿ ಮಾಡಿ ಒರಟಾದ ಮಟಿಲ್ಡ್ ಕೊನೆಯಲ್ಲಿ ಗೆಳತಿಗೆ ಎಲ್ಲವನ್ನೂ ಹೇಳುತ್ತಾಳೆ. ಹಾರ ಬದಲಾದದ್ದು ನಿನಗೆ ತಿಳಿಯಲೇ ಇಲ್ಲವಲ್ಲ ಎನ್ನುತ್ತಾ ಮುಗುಳ್ನಗುತ್ತಾಳೆ. ಹೆಮ್ಮೆಯ, ಮುಗ್ಧ ಸಂತೋಷದ ನಗು ಅದು. ಸತ್ಯ ಬಂದು ಬಡಿಯುವುದು ಆ ನಗುವಿಗೆ. ಚೆಂದದ ಉಡುಪಿಗೆ ಹಂಬಲಿಸಿದವಳ ಸೊಕ್ಕನ್ನು ಕಥೆ ಎಂದೋ ಕಳಚಿಹಾಕಿತ್ತು. ಈಗ ಕುಸಿಯುವುದು ದುಡಿದು ಋಣ ತೀರಿಸಿದವಳ ಅಭಿಮಾನ. ಆಸೆಗೆ ಶಿಕ್ಷೆ ಕೊಡುವುದಷ್ಟೇ ಉದ್ದೇಶವಾಗಿದ್ದರೆ ಈ ನಗು ಬೇಕಿರಲಿಲ್ಲ.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಂಡರೆ ಒಳ್ಳೆಯದು: ವಸ್ತು ಮತ್ತು ಆಶಯ. ಕಥೆ ಯಾವುದರ ಬಗ್ಗೆ ಎಂಬುದು ವಸ್ತು. ಅದನ್ನು ಕಥೆ ಎಲ್ಲಿ ನಿಂತು ನೋಡುತ್ತದೆ, ನೋಡಿ ಏನನ್ನು ಕಾಣುತ್ತದೆ ಎಂಬುದು ಆಶಯ. ರಷ್ಯಾದ ಕಥೆಗಾರ ಚೆಕಾಫ್ 1886ರಲ್ಲಿ ಬರೆದ ‘ವಾಂಕಾ’ ಕಥೆಯ ವಸ್ತು, ಮಾಸ್ಕೋದ ಚಮ್ಮಾರನೊಬ್ಬನ ಬಳಿ ಕೆಲಸಕ್ಕಿರುವ ಒಂಬತ್ತು ವರ್ಷದ ಹುಡುಗನ ಸಂಕಟ. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಅವನು ಕದ್ದುಮುಚ್ಚಿ ತಾತನಿಗೆ ಪತ್ರ ಬರೆಯುತ್ತಾನೆ: ಬಂದು ನನ್ನನ್ನು ಕರೆದುಕೊಂಡು ಹೋಗು. ಲಕೋಟೆಯ ಮೇಲೆ ‘ಹಳ್ಳಿಯಲ್ಲಿರುವ ತಾತನಿಗೆ’ ಎಂದು ಬರೆಯುತ್ತಾನೆ. ಸ್ವಲ್ಪ ಯೋಚಿಸಿ ತಾತನ ಹೆಸರನ್ನೂ ಸೇರಿಸುತ್ತಾನೆ. ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕಿ ಬಂದು ನಿದ್ದೆಹೋದವನ ಕನಸಿನಲ್ಲಿ ತಾತ ಅದನ್ನು ಓದುತ್ತಿದ್ದಾನೆ.

ಈ ಪತ್ರ ತಲುಪುವುದಿಲ್ಲ ಎಂದು ಚೆಕಾಫ್ ಎಲ್ಲಿಯೂ ಹೇಳುವುದಿಲ್ಲ. ಹೇಳಿದ್ದರೆ ಅದು ವರದಿಯಾಗುತ್ತಿತ್ತು. ವಿಳಾಸವನ್ನು ತೋರಿಸಿ ಸುಮ್ಮನಾಗುತ್ತಾನೆ; ಮಗು ಆಸೆಯಿಂದ ಮಲಗಿದೆ, ಎಚ್ಚರವಾಗಿರುವವರು ನಾವು. ಹೇಳದೆ ಹೊಳೆಯಿಸುವ ಇದನ್ನೇ ನಮ್ಮ ಕಾವ್ಯಮೀಮಾಂಸೆ ‘ಧ್ವನಿ’ ಎಂದು ಕರೆದದ್ದು. 1888ರಲ್ಲಿ ಪ್ರಕಾಶಕ ಸುವೋರಿನ್‌ಗೆ ಬರೆದ ಪತ್ರದಲ್ಲಿ ಚೆಕಾಫ್, ಸಮಸ್ಯೆಯನ್ನು ಬಿಡಿಸುವುದು ಬೇರೆ, ಸರಿಯಾಗಿ ಮುಂದಿಡುವುದು ಬೇರೆ; ಕಲಾವಿದನ ಹೊಣೆ ಎರಡನೆಯದು ಮಾತ್ರ ಎಂದಿದ್ದ.

ನೀತಿಯನ್ನು ನೇರವಾಗಿಯೇ ಹೇಳಲು ಹೊರಟ ಕಥೆಗಳೂ ಇವೆ. ಟಾಲ್‌ಸ್ಟಾಯ್ ಬರೆದ ‘ಮನುಷ್ಯನಿಗೆ ಎಷ್ಟು ಭೂಮಿ ಬೇಕು?’ (1886) ಅಂಥದ್ದು. ಕೊನೆಗೆ ರೈತ ಪಾಹೋಮ್‌ಗೆ ಸಾಕಾದದ್ದು ಆರಡಿ ನೆಲ. ಆದರೂ ಆರಂಭವನ್ನು ಗಮನಿಸಿ. ದನಕರು ಪಕ್ಕದ ಜಮೀನಿಗೆ ನುಗ್ಗಿದವೆಂದು ದಂಡ ಕಟ್ಟಿ ಕಟ್ಟಿ ಬೇಸತ್ತವನು ಅವನು; ನೆಲ ಬೇಕೆನ್ನುವುದರಲ್ಲಿ ನ್ಯಾಯವಿದೆ. ನೆಲ ಸಿಕ್ಕಿದ ಮೇಲೆ ಅದೇ ಪಾಹೋಮ್ ನೆರೆಯವರ ದನಗಳ ಮೇಲೆ ದೂರು ಕೊಟ್ಟು ದಂಡ ಹಾಕಿಸುತ್ತಾನೆ. ಆರಡಿಯ ನೀತಿಗಿಂತ ಈ ತಿರುವು ನನ್ನನ್ನು ಹೆಚ್ಚು ಕಾಡುತ್ತದೆ.

ಹಾಗಾದರೆ ಯಾರು ಯಾವ ಅರ್ಥ ಹೇಳಿದರೂ ಸರಿಯೇ? ಇಲ್ಲ. ನಿಮ್ಮ ಅರ್ಥಕ್ಕೆ ಕಥೆಯಲ್ಲಿ ಒಂದು ಸಾಲನ್ನಾದರೂ ಬೆರಳಿಟ್ಟು ತೋರಿಸಲು ಸಾಧ್ಯವಾಗಬೇಕು.

ಮೊಪಾಸಾನ ಕಥೆಯನ್ನು ಇನ್ನೊಮ್ಮೆ ಓದಿ, ಈ ಸಲ ಅಂತ್ಯ ಗೊತ್ತಿದ್ದು. ಮಟಿಲ್ಡ್ ಹಾರವನ್ನು ಕಂಡು, ತಡವರಿಸುತ್ತಾ, ‘ಇದೊಂದನ್ನು ಕೊಡುತ್ತೀಯಾ’ ಎಂದು ಕೇಳುವಲ್ಲಿ ನಿಲ್ಲಿ. ಗೆಳತಿ ಕ್ಷಣವೂ ಹಿಂದುಮುಂದು ನೋಡದೆ ‘ಖಂಡಿತ’ ಎಂದುಬಿಡುತ್ತಾಳೆ. ಮೊದಲ ಓದಿನಲ್ಲಿ ಅದು ಅವಳ ಧಾರಾಳತನದಂತೆ ಕೇಳಿಸಿತ್ತು.