ಗುಜರಿಯಲ್ಲಿ ಸಿಕ್ಕ ಕ್ರ್ಯಾಂಕ್ ಯಾವ ಗಾಡಿಯದು?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರನ್ನು ರಿಪೇರಿ ಮಾಡಿಸುತ್ತಿದ್ದೇನೆ. ಮುಂಬೈನ ಕುರ್ಲಾದ ಗುಜರಿಯಲ್ಲಿ ಒಂದು ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ ಓಟವನ್ನು ತಿರುಗಾಟವಾಗಿಸುವ ಎಂಜಿನ್ ದಂಡ) ಸಿಕ್ಕಿದೆ. ಅಂಗಡಿಯವನು ಪದ್ಮಿನಿಯದೇ ಅಂತಾನೆ. ಮೈಮೇಲೆ ಒಂದೆರಡು ನಂಬರ್ ಬಿಟ್ಟರೆ ಬೇರೆ ಗುರುತಿಲ್ಲ. ಹೇಗೆ ಪತ್ತೆ ಮಾಡೋದು? (ಡೊಂಬಿವಲಿಯ ಓದುಗರು)

ಉತ್ತರ: ಪದ್ಮಿನಿ ತಯಾರಾದದ್ದೇ ಕುರ್ಲಾದಲ್ಲಿ. ಹಾಗಂತ ಕುರ್ಲಾದಲ್ಲಿ ಸಿಕ್ಕಿದ್ದೆಲ್ಲ ಪದ್ಮಿನಿಯದಲ್ಲ!

ಎಲ್ಲರೂ ಮೊದಲು ನಂಬರ್ ಹಿಡಿದು ಕೂರುತ್ತಾರೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಒರಟು ಜಾಗದಲ್ಲಿ ಉಬ್ಬಿದ ನಂಬರ್ ಇದ್ದರೆ ಅದು ಅಚ್ಚಿನದು. ಒಂದೇ ಅಚ್ಚಿನಿಂದ ಎರಡು ಮೂರು ಮಾಡೆಲ್‌ಗೆ ಕ್ರ್ಯಾಂಕ್ ಮಾಡುವುದುಂಟು. ಸುತ್ತಿಗೆಯಿಂದ ಹೊಡೆದ 10 ಅಥವಾ 20 ಕಂಡರೆ ಅದು ಸಾಮಾನ್ಯವಾಗಿ ಗ್ರೈಂಡಿಂಗ್ (ಸವೆದ ಜಾಗವನ್ನು ಉಜ್ಜಿ ನುಣುಪು ಮಾಡುವುದು) ಮಾಡಿದವನ ಗುರುತು. 10 ಅಂದರೆ ಹತ್ತು ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ), ಅಂದರೆ 0.254 ಮಿ.ಮೀ. ಸವೆಸಲಾಗಿದೆ. ಹೀಗಾಗಿ ಬೇರಿಂಗ್ ಕೂರುವ ಜಾಗದ ದಪ್ಪವನ್ನೂ ಹಾಗೇ ನಂಬುವಂತಿಲ್ಲ.

ಗ್ರೈಂಡ್ ಮಾಡಿದರೂ ಸಾಮಾನ್ಯವಾಗಿ ಬದಲಾಗದ್ದು ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ. ಪದ್ಮಿನಿಯ 1089 ಸಿಸಿ ಎಂಜಿನ್‌ನಲ್ಲಿ ಬೋರ್ (ಸಿಲಿಂಡರ್ ಒಳಗಿನ ವ್ಯಾಸ) 68 ಮಿ.ಮೀ., ಸ್ಟ್ರೋಕ್ 75. ಅಂಬಾಸಡರ್‌ನ ಹಳೇ 1489 ಸಿಸಿಯದು 88.9, ಸರಿಯಾಗಿ ಮೂರೂವರೆ ಇಂಚು. ಹಳೇ ವಿಲ್ಲಿಸ್ ಜೀಪ್‌ನದು 111. ಇವೆರಡೂ ಬರಿಗಣ್ಣಿಗೇ ಬೇರೆ ಅಂತ ಗೊತ್ತಾಗುತ್ತವೆ.

ತೊಂದರೆ ಕೊಡುವುದು 948 ಸಿಸಿಯ ಸ್ಟ್ಯಾಂಡರ್ಡ್ ಹೆರಾಲ್ಡ್. ಸ್ಟ್ರೋಕ್ 76, ಬರೀ ಒಂದು ಮಿ.ಮೀ. ಜಾಸ್ತಿ. ಅಷ್ಟೇ ಸಿಸಿಯ ಮಾರಿಸ್ ಮೈನರ್‌ನದು 76.2. ಪದ್ಮಿನಿ ಸೇರಿ ಮೂರಕ್ಕೂ ಮೈನ್ ಬೇರಿಂಗ್ (ಕ್ರ್ಯಾಂಕನ್ನು ಎಂಜಿನ್ ಒಳಗೆ ಹಿಡಿದಿಡುವ ಬೇರಿಂಗ್) ಮೂರು ಮೂರೇ. ಹಾಗಾಗಿ ಬೇರಿಂಗ್ ಎಣಿಸಿ ಸುಮ್ನೆ ಖುಷಿಪಡಬೇಡಿ.

ಅಳೆಯುವುದಕ್ಕೆ ಲೇತ್ ಅಂಗಡಿಗೆ ಹೋಗಿ. ಸಮತಟ್ಟಾದ ಮೇಜಿನ ಮೇಲೆ ಎರಡು ವಿ-ಬ್ಲಾಕ್ (ವಿ ಆಕಾರದ ಕಚ್ಚು ಇರುವ ಕಬ್ಬಿಣದ ದಿಮ್ಮಿ) ಇಟ್ಟು, ತುದಿಯ, ಮೈನ್ ಬೇರಿಂಗ್ ಕೂರುವ ಎರಡು ಮೈನ್ ಜರ್ನಲ್‌ಗಳನ್ನು ಅದರಲ್ಲಿ ಕೂರಿಸಿ. ಕನೆಕ್ಟಿಂಗ್ ರಾಡ್ ಕೂರುವ ಪಿನ್ನನ್ನು ತೀರಾ ಮೇಲಕ್ಕೆ ತಿರುಗಿಸಿ, ಮೇಜಿನಿಂದ ಅದರ ನೆತ್ತಿಯ ಎತ್ತರ ಬರೆದುಕೊಳ್ಳಿ. ಆಮೇಲೆ ತೀರಾ ಕೆಳಕ್ಕೆ ತಂದು ಮತ್ತೆ ನೆತ್ತಿಯನ್ನೇ ಅಳೆಯಿರಿ. ಎರಡರ ವ್ಯತ್ಯಾಸವೇ ಸ್ಟ್ರೋಕ್. ನನ್ನ ಗೆಳೆಯ ಹೀಗೇ ಒಂದು "ಪದ್ಮಿನಿ" ಕ್ರ್ಯಾಂಕ್ ಹೊತ್ತು ತಂದಿದ್ದ. ಮೇಲೆ 158.6 ಬಂತು, ಕೆಳಗೆ 82.6. ಕಳೆದರೆ 76. ಅವನ ಮುಖ ನೋಡಬೇಕಿತ್ತು. ಸ್ಟೀಲ್ ಸ್ಕೇಲ್ ಹಿಡಿದಿದ್ದರೆ ಆ ಒಂದು ಮಿ.ಮೀ. ತಪ್ಪಿಹೋಗುತ್ತಿತ್ತು. ಇದಕ್ಕೆ ಎತ್ತರವನ್ನು ನಿಖರವಾಗಿ ಅಳೆಯುವ ಹೈಟ್ ಗೇಜೇ ಬೇಕು.

75 ಬಂದರೂ ಅಲ್ಲಿಗೇ ನಿಲ್ಲಿಸಬೇಡಿ. ನಿಮ್ಮ ಹಳೇ ಕ್ರ್ಯಾಂಕ್ ಎಷ್ಟೇ ಕೆಟ್ಟಿದ್ದರೂ ಪಕ್ಕದಲ್ಲಿ ಇಟ್ಟು ಹೋಲಿಸಿ. ಒಟ್ಟು ಉದ್ದ, ಪ್ರತಿ ಜರ್ನಲ್‌ನ ಅಗಲ, ಫ್ಲೈವೀಲ್ ಬೋಲ್ಟ್‌ಗಳ ತೂತು, ಮುಂದಿನ ಮೂತಿಯಲ್ಲಿ ಕೀ ಕೂರುವ ಕಚ್ಚು, ಹಿಂದೆ ಆಯಿಲ್ ಸೀಲ್ ಕೂರುವ ಜಾಗ, ಎಲ್ಲ ಒಂದೇ ಇರಬೇಕು. ನಂಬರನ್ನು ಸೀಮೆಎಣ್ಣೆ, ವೈರ್ ಬ್ರಷ್ ಹಾಕಿ ಉಜ್ಜಿ ಓದುವುದು ಇದಾದ ಮೇಲೆ.

ಗ್ರೈಂಡಿಂಗ್‌ಗೆ ಕೊಡುವ ಮೊದಲು ಎಣ್ಣೆ ಒರೆಸಿ ಹಗ್ಗಕ್ಕೆ ನೇತು ಹಾಕಿ, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಂಟೆಯ ಹಾಗೆ ನಾದ ಬಂದರೆ ಬಿರುಕು ಪರೀಕ್ಷೆಗೆ ಕಳಿಸಿ. ಮಡಕೆ ಒಡೆದ ಹಾಗೆ ಸದ್ದಾದರೆ ಅವತ್ತೇ ವಾಪಸ್ ಕೊಟ್ಟು ಬನ್ನಿ.