ಕಿಡಿಯೋ, ರಾಸಾಯನಿಕವೋ? ಸಿನಾಪ್ಸ್ ಬಗ್ಗೆ ನಡೆದ ದೊಡ್ಡ ಜಗಳ

ನರಕೋಶಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಬಲೆಯೇ, ಇಲ್ಲಾ ಬಿಡಿಬಿಡಿ ಕೋಶಗಳೇ? ಮೊದಲ ಜಗಳ ಇದು. ಇಟಲಿಯ ಗಾಲ್ಜಿ 1873ರಲ್ಲಿ ಬೆಳ್ಳಿ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಕಟ್ಟುವುದನ್ನು ಕಂಡುಹಿಡಿದರು. ಅವರ ಪಾಲಿಗೆ ಎಲ್ಲವೂ ಒಂದೇ ಬಲೆ. ಸ್ಪೇನಿನ ಕಹಾಲ್ ಅದೇ ಬಣ್ಣ ಹಾಕಿ ನೋಡಿ, ಪ್ರತಿ ಕೋಶವೂ ಬೇರೆಯೇ ಎಂದರು. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಬಂತು. ಗಾಲ್ಜಿ ಅಲ್ಲಿ ಭಾಷಣ ಮಾಡುವಾಗಲೂ ಪಟ್ಟು ಬಿಡಲಿಲ್ಲ!

ಕೋಶಗಳು ಸಂಧಿಸುವ ಜಾಗಕ್ಕೆ 1897ರಲ್ಲೇ ಶೆರಿಂಗ್ಟನ್ ಸಿನಾಪ್ಸ್ ಎಂದು ಹೆಸರಿಟ್ಟಿದ್ದರು. ನಡುವಿನ ಸಂದು ಕಣ್ಣಿಗೆ ಬಿದ್ದಿದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೆ. ಅಗಲ ಸುಮಾರು 20 ನ್ಯಾನೊಮೀಟರ್, ಅಷ್ಟೇ.

ಆ ಸಂದನ್ನು ಸಂದೇಶ ದಾಟುವುದು ಹೇಗೆ? 1921ರಲ್ಲಿ ಪ್ರಕಟವಾದ ಆಟೊ ಲೋವಿ ಪ್ರಯೋಗ ಬಲು ಸರಳ. ಬಡಿಯುತ್ತಿರುವ ಎರಡು ಕಪ್ಪೆ ಹೃದಯಗಳು. ಮೊದಲನೆಯದರ ವೇಗಸ್ ನರಕ್ಕೆ (ಮೆದುಳಿನಿಂದ ಹೃದಯಕ್ಕೆ ಬರುವ ನರ) ವಿದ್ಯುತ್ ಕೊಟ್ಟರು, ಬಡಿತ ನಿಧಾನವಾಯಿತು. ಅದರೊಳಗಿನ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ಅದೂ ನಿಧಾನವಾಯಿತು! ನರ ಮುಟ್ಟದೆಯೇ ಸಂದೇಶ ತಲುಪಿತ್ತು. ಅಂದ ಮೇಲೆ ಕೆಲಸ ಮಾಡಿದ್ದು ದ್ರವದಲ್ಲಿದ್ದ ವಸ್ತುವೇ ಅಲ್ವಾ? ಅದು ಅಸಿಟೈಲ್‌ಕೋಲಿನ್. ಈ ಪ್ರಯೋಗ ಕನಸಲ್ಲಿ ಹೊಳೆಯಿತು ಎಂದು ಲೋವಿ ಹೇಳಿಕೊಂಡರು. ಹೌದೋ ಅಲ್ಲವೋ, ಪ್ರಯೋಗ ಮಾತ್ರ ಅಪ್ಪಟ.

ನರವಿಜ್ಞಾನಿ ಜಾನ್ ಎಕ್ಲ್ಸ್ ಒಪ್ಪಲಿಲ್ಲ. ಹೃದಯದ ಮಾತು ಬೇರೆ, ಮೆದುಳು ಮತ್ತು ಬೆನ್ನುಹುರಿಯಲ್ಲಿ ದಾಟುವುದು ವಿದ್ಯುತ್ತೇ ಎಂಬುದು ಅವರ ವಾದ. ರಾಸಾಯನಿಕಕ್ಕೆ ಅಷ್ಟು ವೇಗ ಎಲ್ಲಿಂದ ಬರಬೇಕು? 1951ರಲ್ಲಿ ಅವರ ತಂಡ ಬೆಕ್ಕಿನ ಬೆನ್ನುಹುರಿಯ ನರಕೋಶದೊಳಗೆ ಸೂಕ್ಷ್ಮ ಗಾಜಿನ ನಳಿಗೆ ಚುಚ್ಚಿ ಅಳೆಯಿತು. ಕೋಶವನ್ನು ಸುಮ್ಮನಾಗಿಸುವ ಸಂದೇಶ ಬಂದಾಗ ಒಳಗಿನ ವೋಲ್ಟೇಜ್ ಇನ್ನಷ್ಟು ಕೆಳಗಿಳಿಯಿತು. ಅವರ ಸಿದ್ಧಾಂತದ ಪ್ರಕಾರ ಅದು ಮೇಲೇರಬೇಕಿತ್ತು. ವರ್ಷಗಟ್ಟಲೆ ಸಾಧಿಸಿದ ವಾದವನ್ನು ಎಕ್ಲ್ಸ್ ಕೈಬಿಟ್ಟರು. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಈಗ ಗೊತ್ತಿರುವುದು ಇಷ್ಟು: ವಿದ್ಯುತ್ ಅಲೆ ನರದ ತುದಿ ಮುಟ್ಟಿದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ರಾಸಾಯನಿಕ ತುಂಬಿದ ಪುಟಾಣಿ ಚೀಲಗಳು ಪೊರೆಗೆ ಬೆಸೆದು ಹೊರಕ್ಕೆ ಸುರಿಯುತ್ತವೆ. ಆಚೆ ದಡದ ಕೋಶದ ಮೇಲಿರುವ ರಿಸೆಪ್ಟರ್ ಎಂಬ ಪ್ರೋಟೀನ್‌ಗಳು ಅದನ್ನು ಹಿಡಿಯುತ್ತವೆ. ವೇಗದ ಸಿನಾಪ್ಸ್‌ಗಳಲ್ಲಿ ಇದಕ್ಕೆಲ್ಲ ಒಂದು ಮಿಲಿಸೆಕೆಂಡೂ ಬೇಡ. ಚೀಲ ಬೆಸೆಯುವ ಪ್ರೋಟೀನನ್ನೇ ಬೊಟುಲಿನಮ್ ವಿಷ ಕತ್ತರಿಸುತ್ತದೆ. ಅದಕ್ಕೇ ಸ್ನಾಯುಗಳು ಸೋತು ಜೋತುಬೀಳುತ್ತವೆ.

ಕಿಡಿ ಪಕ್ಷದವರು, ಅಂದರೆ ದಾಟುವುದು ವಿದ್ಯುತ್ತೇ ಎಂದವರು, ಪೂರ್ತಿ ಸೋತರು ಎನ್ನುವಂತೆಯೂ ಇಲ್ಲ. 1959ರಲ್ಲಿ ಫರ್ಶ್‌ಪನ್ ಮತ್ತು ಪಾಟರ್ ಸಿಗಡಿಯಂಥ ಜಲಚರ ಕ್ರೇಫಿಶ್‌ನಲ್ಲಿ ವಿದ್ಯುತ್ ನೇರವಾಗಿ ದಾಟುವ ಸಿನಾಪ್ಸ್ ತೋರಿಸಿದರು. ನಮ್ಮ ಕಣ್ಣಿನ ರೆಟಿನಾದಲ್ಲೂ ಅಂಥವು ಇವೆ.